ಹೆಪ್ಪು ಯಾರದು?

ಹಾಲು ಮೊಸರಾಗುವುದನ್ನು ಕಾಯುತ್ತ ಕೂರುವುದೂ ಒಂದು ಹವ್ಯಾಸ ಎಂದರೆ ಯಾರಿಗಾದರೂ ನಗು ಬರುತ್ತದೆ. ಅಂಚೆಚೀಟಿ ಕೂಡಿಡುವವರನ್ನು ಜನ ಒಪ್ಪುತ್ತಾರೆ, ಹಕ್ಕಿಯ ಹಿಂದೆ ಅಲೆಯುವವರನ್ನೂ ಒಪ್ಪುತ್ತಾರೆ. ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಊರೂರಿನ ಮೊಸರು ಪಾತ್ರೆಗಳ ಯೋಗಕ್ಷೇಮವನ್ನು ಫೋನಿನಲ್ಲಿ ನೋಡುವ ಇಂದುಮತಿಯಂಥವರಿಗೆ ತಲೆಯ ಒಂದು ಸ್ಕ್ರೂ ಸಡಿಲ ಎಂದೇ ಅಂದುಕೊಳ್ಳುತ್ತಾರೆ. ಹಾಸನದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ, ಐವತ್ತರ ಹತ್ತಿರದ ಇಂದುಮತಿ ಈ ನಗುವನ್ನೆಲ್ಲ ಎಂದೋ ಅರಗಿಸಿಕೊಂಡಿದ್ದಳು. ಅವತ್ತು ಮಾತ್ರ ಫೋನು ನೋಡಿದವಳು ಬ್ರಶ್ಶು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟಳು. ಕುಂದಾಪುರದ ವಾರಿಜಾ ಅವರ ಗೆರೆ ಏರಿರಲಿಲ್ಲ.

ಗೆರೆ ಎಂದರೆ ಏನೆಂದು ಹೇಳಬೇಕು. ಇಂದುಮತಿ ನಡೆಸುವ ಆನ್‌ಲೈನ್ ಗುಂಪಿನ ಹೆಸರು ಹೆಪ್ಪುಕೂಟ. ಅದರ ಸದಸ್ಯರು ಹೆಪ್ಪು ಹಾಕಿದ ಪಾತ್ರೆಯ ಮೇಲೆ ಒಂದು ವಿಶೇಷ ಮುಚ್ಚಳ ಇಡುತ್ತಾರೆ. ಗದಗಿನ ನಿವೃತ್ತ ಫಿಸಿಕ್ಸ್ ಮೇಷ್ಟ್ರು ಸಂಗಪ್ಪನವರ ತಲೆಯಿಂದ ಹುಟ್ಟಿದ ಮುಚ್ಚಳ ಅದು. ಒಳಮೈಯಲ್ಲಿ ಅಂಗಿಯ ಗುಂಡಿಯಷ್ಟಿರುವ ಒಂದು ಯಂತ್ರದ ಮೂಗು. ಹಾಲಿನ ಬಿಸಿಯನ್ನೂ ಅದರಿಂದ ಏಳುವ ಹುಳಿವಾಸನೆಯನ್ನೂ ಅಳೆದು ಫೋನಿಗೆ ಕಳಿಸುತ್ತದೆ. ಹೆಪ್ಪಿನೊಳಗಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಹುಳಿ ಬಿಟ್ಟಂತೆಲ್ಲ ಫೋನಿನ ಮೇಲೊಂದು ಗೆರೆ ಏರುತ್ತದೆ. ಮೊದಲು ಮಲಗಿರುತ್ತದೆ, ಆಮೇಲೆ ಸರಸರನೆ ಮೇಲೇಳುತ್ತದೆ, ಮೊಸರು ಗಟ್ಟಿಯಾದ ಮೇಲೆ ಸುಮ್ಮನಾಗುತ್ತದೆ. ಯಾರ ಗೆರೆ ಬೇಗ ಎದ್ದಿತು, ಯಾರದು ಸೋಮಾರಿ, ಚಳಿಗೆ ಯಾರದು ಮುದುರಿಕೊಂಡಿತು ಎಂದು ಹರಟುವುದೇ ಕೂಟದ ಕೆಲಸ. ಇದರಿಂದ ದೇಶೋದ್ಧಾರವಾಗುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ.

‘ಎಂತ ಆಯ್ತೋ ಗೊತ್ತಿಲ್ಲ ಮೇಡಂ, ಹಾಲು ಹಾಲಾಯೇ ಇತ್ತ್’ ಎಂದು ವಾರಿಜಾ ಬರೆದಿದ್ದರು.

ಇಂದುಮತಿ ಅಡುಗೆಮನೆಗೆ ಹೋಗಿ ತನ್ನ ಪಾತ್ರೆಯ ಮುಚ್ಚಳ ತೆಗೆದಳು. ಚಮಚ ನೆಟ್ಟರೆ ನಿಲ್ಲುವಂಥ ಗಟ್ಟಿ ಮೊಸರು. ಸದ್ಯ ಎಂದುಕೊಂಡು ಡಬ್ಬಿಗಳಿಗೆ ತುಂಬಿದಳು. ಆ ಮೊಸರು ಅವಳ ಊಟಕ್ಕಲ್ಲ. ತಮ್ಮ ದಿವಾಕರನ ಜೀವ ಅದರ ಮೇಲೆ ನಿಂತಿತ್ತು.

ದಿವಾಕರ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಎರಡು ವರ್ಷದ ಹಿಂದೆ ಅವನ ಕರುಳಿಗೆ ಸೋಂಕು ತಗುಲಿತು. ಆ್ಯಂಟಿಬಯೋಟಿಕ್ ಔಷಧಗಳು ಒಂದೊಂದಾಗಿ ಕೈಕೊಟ್ಟ ಕಾಲ ಅದು. ಆಸ್ಪತ್ರೆಯವರು ಇದ್ದಬದ್ದದ್ದನ್ನೆಲ್ಲ ಕೊಟ್ಟು ನೋಡಿ ಕೈಚೆಲ್ಲಿದ್ದರು. ಕೊನೆಗೆ ಉಳಿದದ್ದು ಮನೆ ಮೊಸರು. ತಲೆಮಾರುಗಳಿಂದ ಮನೆಯಲ್ಲೇ ಸಾಗಿಬಂದ ಹೆಪ್ಪಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ಹೋಗಿ ಕೂತರೆ ರೋಗದ ಕ್ರಿಮಿಗೆ ಜಾಗ ಸಿಗುವುದಿಲ್ಲ. ಬಸ್ಸಿನ ಸೀಟಿಗೆಲ್ಲ ಟವೆಲು ಹಾಕಿಟ್ಟ ಹಾಗೆ. ಆದರೆ ಟವೆಲನ್ನು ದಿನಾ ಹಾಕುತ್ತಿರಬೇಕು, ಒಂದು ವಾರ ಬಿಟ್ಟರೂ ಜ್ವರ ಮತ್ತೆ ಬರುತ್ತದೆ, ಎರಡನೇ ಸಲ ಬಂದರೆ ನಮ್ಮ ಕೈಲಿ ಏನೂ ಇಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅಂಗಡಿಯ ಪ್ಯಾಕೆಟ್ ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ನಿಲ್ಲುತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ದಿವಾಕರನನ್ನು ಓದಿಸಿ ಬೆಳೆಸಿದವಳು ಇಂದುಮತಿ. ಮದುವೆಯಾಗದೆ ಉಳಿದ ಅವಳಿಗೆ ತನ್ನವನು ಅಂತ ಇದ್ದವನು ಅವನೊಬ್ಬನೇ.

ಆ ವಾರ ಕಳೆಯುವುದರೊಳಗೆ ದಾವಣಗೆರೆಯ ಗೆರೆ ಮಲಗಿತು. ಆಮೇಲೆ ಮೈಸೂರಿನ ಎರಡು, ಗದಗಿನ ಒಂದು. ಕೂಟದ ಪುಟ ತೆರೆದರೆ ಮೊದಲು ಗುಡ್ಡದ ಸಾಲಿನಂತೆ ಕಾಣುತ್ತಿದ್ದದ್ದು ಈಗ ಬಯಲಾಗುತ್ತ ಬಂದಿತ್ತು. ಇಂದುಮತಿ ಎಲ್ಲರಿಂದಲೂ ಮಾದರಿ ತರಿಸಿಕೊಂಡು ಲ್ಯಾಬಿನಲ್ಲಿ ಕೂತಳು.

ಲ್ಯಾಬಿನಲ್ಲಿ ಅವಳ ಜೊತೆಗಿದ್ದವಳು ನಸೀಮಾ. ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನೇರ. ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು ಇಂದುಮತಿಯನ್ನು ಕರೆದಳು. ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆದು ತಟ್ಟೆಯ ಮೇಲೆ ತೆಳುವಾದ ಬಿಳಿ ಪದರ ಕಟ್ಟಿತ್ತು. ಅದರ ತುಂಬ ತೂತುಗಳು.

“ಫೇಜ್ ಮೇಡಂ,” ಅಂದಳು. “ಬ್ಯಾಕ್ಟೀರಿಯಾನ ತಿನ್ನೋ ವೈರಸ್ಸು. ಮನುಷ್ಯರಿಗೆ ಏನೂ ಮಾಡಲ್ಲ. ಆದ್ರೆ ಈ ಹೆಪ್ಪಿನ ಮೇಲೆ ಕಣ್ಣು ಹಾಕಿದೆ.”

“ಮೊಸರಿಗೆ ಫೇಜ್ ಬರೋದು ಹೊಸದಲ್ಲವಲ್ಲ. ಬಂದ್ರೂ ಒಂದೋ ಎರಡೋ ಮನೆ ಹೋಗಬೇಕು. ಎಲ್ಲರದೂ ಹೇಗೆ ಹೋಗತ್ತೆ?”

“ಎಲ್ಲರದೂ ಒಂದೇ ಆಗಿದ್ರೆ ಹೋಗತ್ತೆ.” ನಸೀಮಾ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. “ಕುಂದಾಪುರ, ದಾವಣಗೆರೆ, ಮೈಸೂರು, ಗದಗ. ಇವು ನೆಂಟರಿಷ್ಟರಲ್ಲ ಮೇಡಂ, ಒಂದೇ ತಳಿ. ನೀವು ದೀಪಾವಳಿಗೆ ಹಂಚಿದ್ರಲ್ಲ, ಅದು.”

ಇಂದುಮತಿ ಸ್ಟೂಲಿನ ಮೇಲೆ ಕೂತಳು. ಏನಾಯಿತೆಂದು ಅವಳಿಗೆ ಆ ಕ್ಷಣದಲ್ಲೇ ಪೂರ್ತಿ ಅರ್ಥವಾಯಿತು.

ಕೂಟದಲ್ಲಿ ಮುನ್ನೂರಕ್ಕೂ ಹೆಚ್ಚು ಸದಸ್ಯರಿದ್ದರು. ಮಾತಾಡುವವರು ಹದಿನೈದಿಪ್ಪತ್ತು ಜನ ಮಾತ್ರ. ಉಳಿದವರು ಮುಚ್ಚಳ ತರಿಸಿಕೊಂಡಿದ್ದರು, ದಿನಾ ಬಂದು ಬೇರೆಯವರ ಗೆರೆ ನೋಡುತ್ತಿದ್ದರು, ತಮ್ಮದನ್ನು ಮಾತ್ರ ತೋರಿಸುತ್ತಿರಲಿಲ್ಲ. ಸದಸ್ಯರು ತಾವಾಗಿ ಫೋನಿನಲ್ಲಿ ‘ಮುಚ್ಚಳ ತೆರೆಯದ’ ಹೊರತು ಅವರ ಗೆರೆ ಯಾರಿಗೂ ಕಾಣದು, ಕೂಟ ನಡೆಸುವವಳಿಗೂ ಕಾಣದು. ಊಟಕ್ಕೆ ಕರೆದವರೆಲ್ಲ ಬಂದು ಗೋಡೆಗೊರಗಿ ನಿಂತು, ಎಲೆಯ ಮುಂದೆ ಕೂರದೆ ಇದ್ದರೆ ಮನೆಯವರಿಗೆ ಹೇಗಾಗುತ್ತದೋ ಇಂದುಮತಿಗೂ ಹಾಗೇ ಆಗುತ್ತಿತ್ತು. ಅವರನ್ನು ಎಳೆದು ತರಲೆಂದೇ ದೀಪಾವಳಿಗೆ ಗಟ್ಟಿ ಮೊಸರಿನ ಸ್ಪರ್ಧೆ ಇಟ್ಟಳು. ವಾರಿಜಾ ಗೆದ್ದರು. ಗೆದ್ದ ಹೆಪ್ಪನ್ನು ಲ್ಯಾಬಿನಲ್ಲಿ ಒಣಗಿಸಿ, ಪುಡಿ ಮಾಡಿ, ಕೇಳಿದವರಿಗೆಲ್ಲ ಅಂಚೆಯಲ್ಲಿ ಕಳಿಸಿಕೊಟ್ಟಳು, ತಾನೂ ಮನೆಯಲ್ಲಿ ಅದನ್ನೇ ಹಾಕತೊಡಗಿದಳು. ಏನು ಸಂಭ್ರಮ ಅವತ್ತು! ಮಾತಾಡುವವರು ಮೂರು ಪಟ್ಟು ಹೆಚ್ಚಿದರು. ಗೆರೆಗಳೆಲ್ಲ ಕವಾಯತಿಗೆ ನಿಂತ ಪೊಲೀಸರಂತೆ ಒಟ್ಟಿಗೆ ಎದ್ದವು. ಕೂಟ ಬೆಳೆಯಿತು ಎಂದು ಅವಳು ಹಿಗ್ಗಿದ್ದಳು. ಬೆಳೆದದ್ದು ಒಂದೇ ಪಾತ್ರೆ, ನೂರಾರು ಅಡುಗೆಮನೆಗಳಲ್ಲಿ.

“ಅವರ ಹಳೇ ಹೆಪ್ಪು ಯಾರಾದ್ರೂ ಇಟ್ಕೊಂಡಿರಬಹುದಲ್ವಾ?” ಕೇಳಿದಳು.

“ಕೇಳಿ ನೋಡಿದೆ. ಬಹುಮಾನದ ಹೆಪ್ಪು ಮನೆಗೆ ಬಂದ ಮೇಲೆ ಹಳೇದನ್ನ ಯಾರು ಇಟ್ಕೋತಾರೆ? ನಮ್ಮ ಫ್ರೀಜರಲ್ಲೂ ಗೆದ್ದವರದು ಮಾತ್ರ ಇದೆ.”

ಮೆಣಸಿನಕಾಯಿಯ ತೊಟ್ಟು ಹಾಕಿಯೂ ಹಾಲು ಹೆಪ್ಪುಗಟ್ಟುತ್ತದೆ. ಅದು ಎಲ್ಲ ಮನೆಯವರಿಗೂ ಗೊತ್ತಿರುವ ಉಪಾಯ. ನಸೀಮಾ ಅದನ್ನೂ ಮಾಡಿ ನೋಡಿದಳು. ಮೊಸರೇನೋ ಆಯಿತು, ಆದರೆ ತೊಟ್ಟಿನಿಂದ ನಿನ್ನೆ ಇಳಿದುಬಂದ ಬ್ಯಾಕ್ಟೀರಿಯಾ ಕರುಳಿನ ಪಿತ್ತರಸದ ಪರೀಕ್ಷೆಯಲ್ಲಿ ಒಂದು ಗಂಟೆಯೂ ಬಾಳಲಿಲ್ಲ. ಹಾಲಿಗೂ ಮನುಷ್ಯರ ಹೊಟ್ಟೆಗೂ ಒಗ್ಗಿಕೊಳ್ಳಲು ಅವಕ್ಕೆ ವರ್ಷಗಟ್ಟಲೆ ಹಳಬರ ಸಹವಾಸ ಬೇಕಿತ್ತು.

ಮರುದಿನ ಬೆಳಿಗ್ಗೆ ಇಂದುಮತಿಯ ಪಾತ್ರೆಯಲ್ಲೂ ಹಾಲು ಹಾಲಾಗಿಯೇ ಇತ್ತು.

ಫ್ರಿಜ್ಜಿನಲ್ಲಿದ್ದ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಅವಳು ಸಂಜೆ ತಮ್ಮನ ಮನೆಗೆ ಹೋದಳು. ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿನಲ್ಲಿ ಅವನದೂ ಒಂದು. ದಿವಾಕರ ಮಂಚದ ಮೇಲೆ ಕೂತು ಕ್ಲಾರಿನೆಟ್ಟಿನ ಕೀಲಿಗಳಿಗೆ ಎಣ್ಣೆ ಹಾಕುತ್ತಿದ್ದ. ರೋಗ ಬಂದಾಗಿನಿಂದ ಊದಿಲ್ಲ. ಹೊಟ್ಟೆ ಬಿಗಿಹಿಡಿದರೆ ನೋವು.

“ಇಷ್ಟೇ ಡಬ್ಬಿನಾ?” ಅಂದ.

“ಸದ್ಯಕ್ಕೆ ಇಷ್ಟೇ. ಇನ್ಮೇಲೆ ಅರ್ಧ ಬಟ್ಟಲು ತಿನ್ನು.”

“ಯಾಕಕ್ಕ, ನಿಮ್ಮ ಕಾಲೇಜು ಮೊಸರಿಗೂ ರಜಾನಾ?”

ಅವನು ನಕ್ಕ. ಇಂದುಮತಿಗೆ ನಗು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದಿವಾಕರ ಎಣ್ಣೆಯ ಬಟ್ಟೆಯನ್ನು ಮಡಚಿಟ್ಟ. ಆಮೇಲೆ, “ಮಂಗಳಂಗೆ ಈಗ್ಲೇ ಹೇಳ್ಬೇಡ,” ಅಂದ.

ಅಷ್ಟರಲ್ಲಿ ಅವನ ಹೆಂಡತಿ ಮಂಗಳಾ ಬಂದಳು. ಗಾರ್ಮೆಂಟ್ಸಿನಲ್ಲಿ ಹೊಲಿಯುವ ಕೆಲಸ. ಕಂಪನಿಯ ಬಸ್ಸು ಬಿಡುವ ಹೊತ್ತಿಗೆ ಎಲ್ಲರ ಮನೆಯಲ್ಲೂ ದೀಪ ಹಚ್ಚಿ ಆಗಿರುತ್ತದೆ. ಕೈಯಲ್ಲಿ ಊಟದ ಡಬ್ಬಿಯ ಜೊತೆ ಒಂದು ಚಿಕ್ಕ ಲೋಟ ಇತ್ತು. ಲೋಟದಲ್ಲಿ ಒಂದಿಷ್ಟು ಹೆಪ್ಪು, ಅದರ ಮೇಲೆ ಒಂದು ಹಸಿಮೆಣಸಿನಕಾಯಿ. ದೀಪ ಹಚ್ಚಿದ ಮೇಲೆ ಹಾಲು ಮೊಸರು ಹೊರಗೆ ಕೊಡಬಾರದು, ಕೊಡಲೇಬೇಕಾದರೆ ಒಂದು ಹಸಿಮೆಣಸಿನಕಾಯಿ ಹಾಕಿ ಕೊಡಬೇಕು. ಆ ಗಲ್ಲಿಯಲ್ಲಿ ಇನ್ನೂ ಅದನ್ನು ಬಿಟ್ಟಿರಲಿಲ್ಲ. ಮಂಗಳಾ ಇಂದುಮತಿಯನ್ನು ಕಂಡು ಲೋಟವನ್ನು ಸೆರಗಿನ ಮರೆಗೆ ಸರಿಸಿ ಒಳಗೆ ಹೋದಳು.

ಇಂದುಮತಿ ಅದನ್ನು ನೋಡಿದಳು. ನೋಡಿಯೂ ಅವಳಿಗೆ ಏನೂ ಹೊಳೆಯಲಿಲ್ಲ. ಅವಳ ಲೆಕ್ಕದಲ್ಲಿ ಅದು ಹೆಪ್ಪೇ ಆಗಿರಲಿಲ್ಲ. ದಿವಾಕರ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಇದೇ ಅಡುಗೆಮನೆಯಲ್ಲಿ ಮಂಗಳಾಳ ಮೊಸರನ್ನು ಬಾಯಿಗೆ ಹಾಕಿಕೊಂಡು ಅವಳು ಮುಖ ಹಿಂಡಿದ್ದಳು. ಹುಳಿ, ಲೋಳೆ, ಜೊತೆಗೆ ಮೆಣಸಿನ ವಾಸನೆ. ‘ಹೆಪ್ಪು ಯಾರದು?’ ಎಂದು ಕೇಳಿದ್ದಕ್ಕೆ ಮಂಗಳಾ ‘ಯಾರದೋ ಅಕ್ಕ, ಸಿಕ್ಕಿದವರ ಮನೇಲಿ ಇಸ್ಕೊಂಡು ಬರ್ತೀನಿ’ ಅಂದಿದ್ದಳು. ‘ಇಂಥದ್ದು ತಿಂದ್ರೆ ಅವನ ಹೊಟ್ಟೆ ಇನ್ನೂ ಕೆಡತ್ತೆ’ ಎಂದು ಇಂದುಮತಿ ಅದನ್ನು ಬಚ್ಚಲಿಗೆ ಚೆಲ್ಲಿದ್ದಳು. ಕೂಟದಲ್ಲಿ ಅದನ್ನೊಂದು ತಮಾಷೆಯಾಗಿ ಬರೆದೂ ಬರೆದಿದ್ದಳು. ಬಹಳ ಜನ ನಕ್ಕಿದ್ದರು.

ಮನೆಗೆ ಬಂದವಳೇ ಕೂಟದ ಪುಟದಲ್ಲಿ ಬರೆದಳು. ತನ್ನ ತಮ್ಮನ ಸ್ಥಿತಿ ತಿಳಿಸಿದಳು. ಬಹುಮಾನದ ಪುಡಿ ತರಿಸಿಕೊಳ್ಳದವರು, ಹಳೇ ಹೆಪ್ಪನ್ನೇ ಸಾಗಿಸಿಕೊಂಡು ಬಂದವರು ದಯವಿಟ್ಟು ಮುಚ್ಚಳ ತೆರೆದು ಗೆರೆ ತೋರಿಸಿ ಎಂದು ಬೇಡಿಕೊಂಡಳು. ಓದಿದವರ ಸಂಖ್ಯೆ ಏರುತ್ತ ಹೋಯಿತು. ದೇವರು ಒಳ್ಳೆಯದು ಮಾಡಲಿ ಎಂದು ಕೆಲವರು ಬರೆದರು. ಮುಚ್ಚಳ ಯಾರೂ ತೆರೆಯಲಿಲ್ಲ.

ಒಂದು ದಿನ ಹೋಯಿತು. ಇನ್ನೊಂದು ದಿನವೂ ಹೋಯಿತು. ಕ್ಲಾಸಿನಲ್ಲಿ ಪಾಠ ಮಾಡುತ್ತಲೇ ಅವಳು ಮೇಜಿನ ಮೇಲಿನ ಫೋನು ನೋಡುತ್ತಿದ್ದಳು. ಫೋನಿನಲ್ಲಿ ಏನೂ ಇರುತ್ತಿರಲಿಲ್ಲ. ಮುನ್ನೂರು ಮನೆಗಳಲ್ಲಿ ಯಾರದೋ ಒಂದು ಪಾತ್ರೆಯಲ್ಲಿ ತನ್ನ ತಮ್ಮನ ಉಸಿರು ಇರಬಹುದು, ಆ ಮನೆಯವರು ಇದನ್ನು ಓದಿ ಸುಮ್ಮನೆ ಪಕ್ಕಕ್ಕಿಟ್ಟಿರಬಹುದು ಅನ್ನಿಸಿ ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಸಂಜೆ ಗದಗಿನ ಸಂಗಪ್ಪ ಮೇಷ್ಟ್ರು ಫೋನು ಮಾಡಿದಾಗ ಆ ಸಿಟ್ಟನ್ನೆಲ್ಲ ಅವರ ಮೇಲೆ ಸುರಿದಳು.

“ಜನಕ್ಕೆ ಕರುಣೆ ಇಲ್ವಾ ಸರ್? ಒಂದು ಮುಚ್ಚಳ ತೆರೆಯೋಕೆ ಏನು ಕಷ್ಟ?”

ಮೇಷ್ಟ್ರು ಕೆಮ್ಮಿದರು. “ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮುಚ್ಚಳ ತಗಿಬೇಕಂದ್ರ ಮೊದಲ ಅದು ಏನ್ ಕೇಳ್ತದ ನೆನಪೈತೇನ್ರಿ?”

ನೆನಪಿತ್ತು. ಬರೆದವಳು ಅವಳೇ. ಗೆರೆ ತೆರೆಯುವ ಮುಂಚೆ ಫೋನು ‘ಹೆಪ್ಪು ಯಾರದು?’ ಎಂದು ಕೇಳುತ್ತಿತ್ತು. ಯಾವ ಊರು, ಯಾರ ಮನೆ, ಎಷ್ಟು ತಲೆಮಾರು ಎಂದು ಹೇಳದೆ ಮುಂದೆ ಹೋಗುವಂತಿರಲಿಲ್ಲ. ಅದರ ಕೆಳಗೆ ಕೂಟದ ನಿಯಮ: ಎರಡು ಮನೆಯ ಹೆಪ್ಪು ಬೆರೆಸಕೂಡದು, ಉಪ್ಪು ಮೆಣಸಿನಕಾಯಿ ಸೋಕಿಸಕೂಡದು.

“ಹೆಪ್ಪಿನ ವಂಶ ಗೊತ್ತಾಗಲಿ ಅಂತ ಹಾಕಿದ್ದು ಸರ್.”

“ಅದಕ್ಕ ಹೇಳಾಕತ್ತೀನ್ರಿ. ಹೊಸಲು ದಾಟೂದ್ರಾಗ ನೀವ್ ಯಾರ ಪೈಕಿ ಅಂತ ಕೇಳಿದಂಗ ಆಗ್ತದ. ಹೇಳಾಕ ಇದ್ದವ್ರು ಒಳಗ ಬರ್ತಾರ. ಇಲ್ಲದವ್ರು ಹೊರಗ ನಿಂತು ನೋಡ್ತಾರ.” ಮೇಷ್ಟ್ರು ದನಿ ತಗ್ಗಿಸಿದರು. “ನಂದೂ ಖರೇ ಹೇಳಿಬಿಡ್ತೀನಿ. ನಾ ಬರದಿದ್ದು ನಮ್ಮ ಅಜ್ಜಿ ಹೆಪ್ಪು, ನಾಕು ತಲಿಮಾರು ಹಳೇದು ಅಂತ. ಅಜ್ಜಿ ಹೆಪ್ಪು ಎಂದೋ ಹಾಳಾಗಿ ಹೋತ್ರಿ. ಅದು ಬಸ್ ಸ್ಟ್ಯಾಂಡಿನ ಖಾನಾವಳಿಯಿಂದ ತಂದದ್ದು.”

ಇಷ್ಟು ವರ್ಷ ಕೂಟದವರು ಮೇಷ್ಟ್ರ ಅಜ್ಜಿಗೆ ಎಷ್ಟು ನಮಸ್ಕಾರ ಹಾಕಿದ್ದರೋ. ಬೇರೆ ದಿನವಾಗಿದ್ದರೆ ಇಂದುಮತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅವಳಿಗೆ ಕಾಣಿಸಿದ್ದು ಆ ಪ್ರಶ್ನೆಯ ಮುಂದೆ ಬಂದು, ಬೆರಳನ್ನು ಹಿಂದಕ್ಕೆ ತೆಗೆದುಕೊಂಡ ನೂರಾರು ಜನ.

ಅವತ್ತೇ ಪ್ರಶ್ನೆಯನ್ನು ಅಳಿಸಿದಳು, ನಿಯಮಗಳನ್ನೂ ಅಳಿಸಿದಳು. ಹೊಸದಾಗಿ ಹೀಗೆ ಬರೆದಳು: ‘ನಿಮ್ಮ ಮೊಸರು ಹುಳಿಯೇ? ಲೋಳೆಯೇ? ನೀರು ಬಿಡುತ್ತದೆಯೇ? ಮನೆಗೆ ಬಂದವರಿಗೆ ಬಡಿಸಲು ನಾಚಿಕೆಯಾಗುವಂಥದ್ದೇ? ನಮಗೆ ಬೇಕಾಗಿರುವುದು ಅದೇ. ಎಲ್ಲಿಂದ ಬಂತು ಎಂದು ಇನ್ನು ಯಾರೂ ಕೇಳುವುದಿಲ್ಲ. ಇಷ್ಟು ದಿನ ಕೇಳಿದ್ದು ನನ್ನ ತಪ್ಪು.’

ಬೆಳಿಗ್ಗೆ ಎದ್ದು ನೋಡಿದರೆ ನಲವತ್ತು ಹೊಸ ಮುಚ್ಚಳಗಳು ತೆರೆದಿದ್ದವು. ಮಧ್ಯಾಹ್ನದ ಹೊತ್ತಿಗೆ ನೂರು ದಾಟಿತು. ಹೆಸರು ಕೇಳದ ಊರುಗಳು, ಚಿತ್ರವಿಲ್ಲದ ಸದಸ್ಯರು. ಬಾಯಿ ಬಿಡದವರೆಲ್ಲ ಈಗ ಬರೆಯತೊಡಗಿದ್ದರು: ನಮ್ಮದು ಹಾಸ್ಟೆಲಿನ ಮೊಸರು, ನಮ್ಮದು ದೇವಸ್ಥಾನದ ಪ್ರಸಾದದಿಂದ ಎತ್ತಿಟ್ಟದ್ದು, ನಮ್ಮದು ಬಾಡಿಗೆಮನೆ ಬಿಟ್ಟುಹೋದವರ ಫ್ರಿಜ್ಜಿನಲ್ಲಿ ಸಿಕ್ಕಿದ್ದು. ವರ್ಷಗಟ್ಟಲೆ ಅವಳು ಬಯಸಿದ ಸದ್ದು ಇದೇ ಆಗಿತ್ತು. ಆದರೆ ಗೆರೆಗಳನ್ನು ನೋಡುತ್ತ ಹೋದಂತೆ ಅವಳ ಹಿಗ್ಗು ಇಳಿಯಿತು. ಹೆಚ್ಚಿನವು ಮಲಗಿದ್ದವು. ಮೌನವಾಗಿದ್ದವರೂ ಬೇರೆ ಸದಸ್ಯರಿಂದ ಗುಟ್ಟಾಗಿ ಪುಡಿ ತರಿಸಿಕೊಂಡಿದ್ದರು. ಏರಿದ ಕೆಲವು ಪ್ಯಾಕೆಟ್ ಮೊಸರಿನವು, ಅವುಗಳಿಂದ ದಿವಾಕರನಿಗೆ ಉಪಯೋಗವಿರಲಿಲ್ಲ.

ಒಂದು ಗೆರೆ ಮಾತ್ರ ವಿಚಿತ್ರವಾಗಿತ್ತು. ಬೇರೆಯವರ ಹಾಗೆ ಒಂದೇ ಉಸಿರಿಗೆ ಏರಿರಲಿಲ್ಲ. ಸ್ವಲ್ಪ ಏರಿ ನಿಂತು, ಮತ್ತೆ ಏರಿ ನಿಂತು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿತ್ತು. ನಸೀಮಾ ಅದನ್ನು ನೋಡಿ ಕುರ್ಚಿಯಿಂದ ಎದ್ದಳು.

“ಇದು ಒಂದು ತಳಿ ಅಲ್ಲ ಮೇಡಂ. ಒಬ್ಬರು ಸುಸ್ತಾದಾಗ ಇನ್ನೊಬ್ಬರು ಕೆಲಸಕ್ಕೆ ನಿಂತಿದಾರೆ. ಎಷ್ಟು ಜಾತಿ ಇದೆಯೋ ಒಳಗೆ. ಫೇಜ್ ಒಂದನ್ನ ತಿಂದ್ರೆ ಉಳಿದವು ಮೊಸರು ಮಾಡ್ತಾವೆ. ಯಾರಿದು?”

ಸದಸ್ಯರ ಹೆಸರು ‘ಹಸಿಮೆಣಸು’. ಊರು ಬರೆದಿರಲಿಲ್ಲ. ಸೇರಿ ಒಂದು ವರ್ಷವಾಗಿತ್ತು, ಒಂದು ಮಾತೂ ಆಡಿರಲಿಲ್ಲ. ‘ನೀವು ಎಲ್ಲಿದ್ದರೂ ನಾನೇ ಬಂದು ಇಸ್ಕೊಂಡು ಹೋಗ್ತೀನಿ, ಒಂದು ಚಮಚ ಸಾಕು’ ಎಂದು ಇಂದುಮತಿ ಸಂದೇಶ ಕಳಿಸಿದಳು. ಉತ್ತರ ಬರುವ ಮುಂಚೆ ದಿವಾಕರನ ಫೋನು ಬಂತು. ಹಲ್ಲು ಕಟಕಟಿಸುವ ಸದ್ದು ಅವಳಿಗೆ ಇಲ್ಲಿಗೇ ಕೇಳಿಸಿತು.

“ಅಕ್ಕ, ಚಳಿ ಬರ್ತಿದೆ,” ಅಂದ.

ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ ಸಲೈನು ಹಾಕಿದರು. ಹಿಂದಿನ ಸಲದ ಡಾಕ್ಟರೇ ಬಂದು ನೋಡಿದರು. “ಬ್ಯಾಂಡ್ ಮಾಸ್ಟ್ರೇ, ಏನು ಮತ್ತೆ?” ಎಂದು ಮಾತಾಡಿಸಿದರು. ಹೊರಗೆ ಬಂದ ಮೇಲೆ ಅವರ ಮುಖದಲ್ಲಿ ಆ ಹುರುಪಿರಲಿಲ್ಲ. ಅರ್ಧ ಬಟ್ಟಲು ಮೊಸರು ಸಾಲಲಿಲ್ಲ, ಆದರೂ ರೋಗ ಶುರುವಿನಲ್ಲೇ ಇದೆ, ಕರುಳಿನಲ್ಲಿ ಜಾಗ ಹಿಡಿಯುವ ಬ್ಯಾಕ್ಟೀರಿಯಾ ಎರಡು ಮೂರು ದಿನದೊಳಗೆ ಒಳಗೆ ಹೋದರೆ ಸರಿ, ಇಲ್ಲದಿದ್ದರೆ ನಾನು ಸುಳ್ಳು ಭರವಸೆ ಕೊಡಲ್ಲ ಎಂದರು.

ಮಂಗಳಾ ಕೆಲಸದಿಂದ ನೇರ ಆಸ್ಪತ್ರೆಗೆ ಬಂದಳು. ಗಂಡನ ಹಣೆ ಮುಟ್ಟಿ ನೋಡಿ, ಹೊರಗೆ ಬಂದು, ಬೆಂಚಿನ ಮೇಲೆ ಇಂದುಮತಿಯ ಪಕ್ಕ ಕೂತಳು. ಬೆರಳಿನ ತುದಿಯಲ್ಲಿ ನೂಲಿನ ಚೂರು ಅಂಟಿಕೊಂಡಿತ್ತು. ಅದನ್ನು ಕಿತ್ತುಕೊಳ್ಳುತ್ತ ತಲೆ ತಗ್ಗಿಸಿಕೊಂಡೇ ಅಂದಳು:

“ಅಕ್ಕ, ಆ ಹಸಿಮೆಣಸು ನಾನೇ.”

ಇಂದುಮತಿಗೆ ಮೊದಲು ಅರ್ಥವಾಗಲಿಲ್ಲ.

“ನೀವು ಅಷ್ಟೊಂದು ಜನಕ್ಕೆ ಕಲಿಸ್ತೀರಲ್ಲ, ನಾನೂ ಕಲಿಯೋಣ ಅಂತ ಸೇರಿದ್ದೆ. ನಿಮ್ಮ ಹಾಗೆ ಗಟ್ಟಿ ಮೊಸರು ಮಾಡೋದು ಕಲಿತರೆ ಇವರಿಗೆ ನಾನೇ ಮಾಡಿ ಹಾಕಬಹುದು ಅಂತ. ಮುಚ್ಚಳ ತೆಗೆಯೋಕೆ ಹೋದ್ರೆ ಯಾರದು ಅಂತ ಕೇಳ್ತು. ನಾನೇನು ಹೇಳ್ಲಿ? ಬರೋ ಹೊತ್ತಿಗೆ ದೀಪ ಹಚ್ಚಿರ್ತಾರೆ. ಒಂದಿನ ಜುಬೇದಕ್ಕನ ಮನೆ, ಒಂದಿನ ತರಕಾರಿ ಪಾಪಣ್ಣನ ಮನೆ, ಇನ್ನೊಂದಿನ ಮೂಲೆ ಮನೆ ಟೀಚರಮ್ಮ. ಅವರೂ ನನ್ನ ಹತ್ರ ಇಸ್ಕೊಂಡು ಹೋಗ್ತಾರೆ. ನಂದು ಅಂತ ಹೆಪ್ಪೇ ಇಲ್ಲ ಅಕ್ಕ.”

“ನಿನ್ನದು ಹೆಪ್ಪುಗಟ್ತಿತ್ತಲ್ಲ ಮಂಗಳಾ. ಎಲ್ಲರದೂ ನಿಂತಾಗ ಯಾಕೆ ಹೇಳಲಿಲ್ಲ?”

“ಅದೇ ಕೆಟ್ಟದ್ದು ಅಂದುಕೊಂಡಿದ್ದೆ.” ಮಂಗಳಾ ಮೊದಲ ಬಾರಿಗೆ ತಲೆ ಎತ್ತಿದಳು. “ಇದನ್ನ ತಿಂದ್ರೆ ಇವರ ಹೊಟ್ಟೆ ಕೆಡತ್ತೆ ಅಂತ ನೀವೇ ಚೆಲ್ಲಿದ್ರಿ. ನೀವು ಓದಿದವರು. ನಾನು ಅದನ್ನೇ ನಂಬಿದ್ದೆ. ಅದರಿಂದಾನೇ ಕಾಯಿಲೆ ಮತ್ತೆ ಬಂದ್ರೆ ಏನು ಮಾಡ್ಲಿ ಅಂತ ಇವರ ಬಟ್ಟಲಿಗೆ ಒಂದು ತೊಟ್ಟೂ ಬೀಳದ ಹಾಗೆ ನೋಡ್ಕೊಂಡಿದೀನಿ.”

ಇಂದುಮತಿಗೆ ನಾಚಿಕೆ ಮೈತುಂಬ ಹರಡಿತು. ಮಂಗಳಾಳ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು.

“ನಡಿ,” ಅಂದಳು. “ಮೊದಲು ಅದನ್ನ ಲ್ಯಾಬಿಗೆ ತಗೊಂಡು ಹೋಗೋಣ.”

ನಸೀಮಾ ಎರಡು ಪರೀಕ್ಷೆ ಮಾಡಬೇಕಿತ್ತು. ಆ ಹೆಪ್ಪು ಹಾಕಿದ ಹಾಲಿನ ಮೇಲೆ ಫೇಜನ್ನು ಸುರಿದು ನೋಡುವುದು ಒಂದು. ಪಿತ್ತರಸದಲ್ಲಿ ಎಷ್ಟು ಬಾಳುತ್ತವೆ ಎಂದು ನೋಡುವುದು ಇನ್ನೊಂದು. ಎರಡಕ್ಕೂ ಬೆಳಗಿನವರೆಗೆ ಕಾಯಬೇಕು. ಕಾಯುವುದು ಇಂದುಮತಿಗೆ ಹವ್ಯಾಸವಾಗಿತ್ತು, ಅದೇ ಈಗ ಶಿಕ್ಷೆಯಾಯಿತು. ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಫೋನು ತೆಗೆದಳು. ಫೇಜ್ ಸುರಿದ ಪಾತ್ರೆಯ ಗೆರೆ ಮೊದಲ ಮೆಟ್ಟಿಲಿನಲ್ಲೇ ಮುಗ್ಗರಿಸಿತ್ತು. ಅವಳ ಕಾಫಿ ಆರಿತು. ಎದುರಿಗೆ ಮಂಗಳಾ ಕೂತಿದ್ದಳು, ಏನಾಯಿತು ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಗೆರೆ ಹಾಗೇ ಮಲಗಿತ್ತು. ಇಂದುಮತಿ ಫೋನನ್ನು ಬೋರಲು ಹಾಕಿದಳು, ತಡೆಯಲಾರದೆ ಮತ್ತೆ ತಿರುಗಿಸಿದಳು. ಅಷ್ಟರಲ್ಲಿ ಅದು ಅಲುಗಿತು. ಒಂದು ಕೂದಲೆಳೆಯಷ್ಟು ಏರಿತು. ನಿಂತಿತು. ಮತ್ತೆ ಏರಿತು.

“ಪಿತ್ತರಸದಲ್ಲೂ ಬದುಕಿವೆ ಮೇಡಂ,” ಎಂದು ನಸೀಮಾ ಫೋನಿನಲ್ಲಿ ಹೇಳಿದಾಗ ಇಂದುಮತಿ ಅಳುತ್ತಿದ್ದಳು. ಅಳುತ್ತಿದ್ದವಳನ್ನು ನೋಡಿ ಕೆಟ್ಟ ಸುದ್ದಿಯೆಂದು ತಿಳಿದು ಮಂಗಳಾ ಎದ್ದು ನಿಂತಿದ್ದಳು. ಅವಳನ್ನು ಕೂರಿಸಿ ತಿಳಿಸಿ ಹೇಳಬೇಕಾಯಿತು.

ಡಾಕ್ಟರು ಒಪ್ಪಿದರು. ಮಂಗಳಾ ತನ್ನ ಮನೆಯ ಮೊಸರನ್ನು ಬಟ್ಟಲಿಗೆ ಹಾಕಿ ಚಮಚದಲ್ಲಿ ಕೊಟ್ಟಳು. ಜ್ವರದಲ್ಲಿ ಬೇಯುತ್ತಿದ್ದ ದಿವಾಕರ ಬಾಯಿಗಿಟ್ಟುಕೊಂಡು ಕಣ್ಣು ತೆರೆದ. ಮುಖ ಕಿವುಚಿದ.

“ಇದು ನಮ್ಮನೇದು,” ಅಂದ. “ಎಷ್ಟು ದಿನ ಆಗಿತ್ತು.”

ಮೂರನೇ ದಿನ ಜ್ವರ ಇಳಿಯತೊಡಗಿತು, ಒಮ್ಮೆಗೇ ಅಲ್ಲ, ಹತ್ತಿ ಇಳಿದು ಎಲ್ಲರ ಜೀವ ಹಿಂಡಿ. ಅವನನ್ನು ಮನೆಗೆ ಕಳಿಸಿದ ಮೇಲೂ ಇಂದುಮತಿಗೆ ನೆಮ್ಮದಿ ಇರಲಿಲ್ಲ. ಆ ಹೆಪ್ಪನ್ನೂ ಒಣಗಿಸಿ ಎಲ್ಲರಿಗೂ ಕಳಿಸೋಣ ಎಂದು ಅವಳು ಅಂದಾಗ ನಸೀಮಾ ಬೇಡವೆಂದು ತಲೆಯಾಡಿಸಿದ್ದಳು.

“ಮತ್ತೆ ಅದೇ ತಪ್ಪು ಮಾಡ್ತೀರಿ ಮೇಡಂ. ಒಂದೇ ಪಾತ್ರೇಲಿ ಸಾಕಿದ್ರೆ ಬಲವಾದ ಒಂದೆರಡು ಜಾತಿ ಉಳಿದವನ್ನ ತುಳಿದುಬಿಡ್ತಾವೆ. ಆಮೇಲೆ ಫೇಜ್ ಬಂದ್ರೆ ಮುಗೀತು. ಈ ಮೊಸರು ಬದುಕಿರೋದು ಮಂಗಳಾ ಅವರ ಲೋಟದಲ್ಲಲ್ಲ. ಆ ಗಲ್ಲಿ ಮನೆಮನೆ ತಿರುಗ್ತಾ ಇರೋದರಲ್ಲಿ. ದಿನಾ ಹೊಸಬರು ಬರ್ತಿರಬೇಕು. ನಿಂತರೆ ಸತ್ತಂಗೆ.”

ಕೂಟದಲ್ಲಿ ಇಂದುಮತಿ ಅದನ್ನೇ ಬರೆದಳು. ಪುಡಿ ಕಳಿಸುವುದಿಲ್ಲ, ನಿಮ್ಮ ನಿಮ್ಮ ಅಕ್ಕಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳಿ, ಬೆರೆಸಿ, ನಿಮ್ಮದನ್ನು ಕೇಳಿದವರಿಗೆ ಕೊಡಿ ಎಂದಳು. ಬರೆಯುವುದು ಸುಲಭ. ಬರೆದು ಮುಗಿಸಿದ ಮೇಲೆ ತನ್ನದೇ ಅಪಾರ್ಟ್‌ಮೆಂಟಿನ ಎದುರು ಬಾಗಿಲ ಮುಂದೆ ಲೋಟ ಹಿಡಿದು ನಿಂತಳು. ಎಂಟು ವರ್ಷದಿಂದ ಅಲ್ಲಿದ್ದಳು. ಲಿಫ್ಟಿನಲ್ಲಿ ಕಂಡರೆ ತಲೆಯಾಡಿಸಿದ್ದು ಬಿಟ್ಟರೆ ಅವರ ಹೆಸರೂ ಗೊತ್ತಿರಲಿಲ್ಲ. ಬೆಲ್ಲಿನ ಹತ್ತಿರ ಹೋದ ಬೆರಳು ಒಮ್ಮೆ ಹಿಂದಕ್ಕೆ ಬಂತು. ಕೂಟದ ಮೌನ ಸದಸ್ಯರ ಪಾಡು ಏನೆಂದು ಅವಳಿಗೆ ಆಗ ಗೊತ್ತಾಯಿತು. ದಿವಾಕರನನ್ನು ನೆನೆಸಿಕೊಂಡು ಬೆಲ್ ಒತ್ತಿದಳು.

ತೆರೆದ ಹೆಂಗಸು ಅವಳನ್ನೂ ಲೋಟವನ್ನೂ ನೋಡಿದಳು.

“ಹೆಪ್ಪಾ? ಅಯ್ಯೋ ಮೇಡಂ, ನಮ್ದು ಚೆನ್ನಾಗಿರಲ್ಲ. ನೀವೆಲ್ಲ...”

“ಪರವಾಗಿಲ್ಲ, ಕೊಡಿ.”

“ದೀಪ ಬೇರೆ ಹಚ್ಚಿ ಆಯ್ತಲ್ಲ.”

“ಒಂದು ಹಸಿಮೆಣಸಿನಕಾಯಿ ಹಾಕಿ ಕೊಡಿ.”

ಆ ಹೆಂಗಸು ನಕ್ಕು ಒಳಗೆ ಹೋದಳು.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಂದುಮತಿ ಆಟೋದಲ್ಲಿ ತಮ್ಮನ ಮನೆಗೆ ಹೋದಳು. ಗಲ್ಲಿಯ ಬಾಯಲ್ಲೇ ಸುದ್ದಿ ಕಾದಿತ್ತು. ಬೆಳಿಗ್ಗೆ ಜುಬೇದಕ್ಕನ ಮನೆಯಲ್ಲಿ ಹಾಲು ಹಾಲಾಗಿಯೇ ಇತ್ತಂತೆ. ಫೇಜ್ ಗಲ್ಲಿಗೂ ಬಂದಿತ್ತು. ಮಂಗಳಾಳ ಮನೆಯಿಂದ ಹೆಪ್ಪು ಹೋಗಿ ಮಧ್ಯಾಹ್ನದೊಳಗೆ ಅಲ್ಲಿ ಮತ್ತೆ ಮೊಸರಾಗಿತ್ತು. ಆದರೆ ಮಂಗಳಾಳ ಗೆರೆಯಲ್ಲಿ ಒಂದು ಮೆಟ್ಟಿಲು ಕಡಿಮೆಯಾದದ್ದನ್ನು ಇಂದುಮತಿ ದಾರಿಯಲ್ಲೇ ನೋಡಿದ್ದಳು. ಒಳಗಿನ ಒಂದು ಜಾತಿಯನ್ನು ಫೇಜ್ ತಿಂದುಹಾಕಿತ್ತು.

ಮಂಗಳಾ ಅಡುಗೆಮನೆಯಲ್ಲಿ ದಿವಾಕರನ ಮೊಸರಿಗೆ ಹಾಲು ಆರಿಸುತ್ತಿದ್ದಳು. ಗಂಡನ ಅಕ್ಕನ ಹಾಗೂ ಅಲ್ಲದೆ, ಗುರುವಿನ ಹಾಗೂ ಅಲ್ಲದೆ, ನೆರೆಮನೆಯವಳ ಹಾಗೆ ಇಂದುಮತಿ ಬಾಗಿಲಲ್ಲಿ ನಿಂತು ಲೋಟ ಚಾಚಿದಳು. ಮಂಗಳಾ ಮೆಣಸಿನಕಾಯಿಯನ್ನು ಬದಿಗೆ ಸರಿಸಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

“ಹುಳಿ ಇದೆ,” ಅಂದಳು. “ಯಾರದಕ್ಕ ಇದು?”

“ಯಾರದೋ,” ಅಂದಳು ಇಂದುಮತಿ.

ಮಂಗಳಾ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಲೋಟವನ್ನು ಪೂರ್ತಿ ಹಾಲಿಗೆ ಬಗ್ಗಿಸಿ, ಮುಚ್ಚಳ ಮುಚ್ಚಿದಳು.